ಗಡಿ ಹಿಗ್ಗಿದರೆ ಬಸ್ಸು ಬರುತ್ತದೆಯೇ? ಬೃಹತ್ ಮೈಸೂರಿನ ಬಡಾವಣೆ, ರಸ್ತೆಗಳ ಲೆಕ್ಕ

ಮೈಸೂರಿನಲ್ಲಿ ಹಲವು ಸುದ್ದಿಗಳು ಒಂದರ ಮೇಲೊಂದು ಬಂದು ಜನರ ತಲೆ ಕೆಡಿಸಿವೆ. ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ (ಮುಡಾ) ಹೋಗಿ ಮೈಸೂರು ಅಭಿವೃದ್ಧಿ ಪ್ರಾಧಿಕಾರ ಬಂತು. ಹೂಟಗಳ್ಳಿ ನಗರಸಭೆಯನ್ನೂ ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳನ್ನೂ ಸೇರಿಸಿಕೊಂಡು ಪಾಲಿಕೆಯನ್ನು ‘ಬೃಹತ್ ಮೈಸೂರು’ ಮಾಡುವ ಪ್ರಸ್ತಾವವಿದೆ. ಈಗಿರುವ ರಿಂಗ್ ರೋಡಿನ ಆಚೆ ಇನ್ನೊಂದು ವರ್ತುಲ ರಸ್ತೆಯ ಮಾತು, ಹೊಸ ಮಾಸ್ಟರ್ ಪ್ಲಾನ್ ತಯಾರಿಯ ಮಾತು, ಲೇಔಟಿಗೆ ಅನುಮೋದನೆಯಿಲ್ಲದ ರೆವಿನ್ಯೂ ಸೈಟುಗಳಿಗೆ ತೆರಿಗೆ ದಾಖಲೆಯಾದ ಬಿ-ಖಾತಾ ಕೊಡುವ ಅಭಿಯಾನ ಇವೆಲ್ಲ ಅದರ ಜೊತೆಗೆ. ರಿಂಗ್ ರೋಡಿನಾಚೆ ಸೈಟು ಕೊಂಡು ಮನೆ ಕಟ್ಟಿದವರು ಕೇಳುವುದು ಇಷ್ಟೇ: ನಮ್ಮ ಬೀದಿಗೆ ಬಸ್ಸು ಬರುತ್ತದೋ ಇಲ್ಲವೋ, ಒಳಚರಂಡಿ ಹರಿಯುತ್ತದೋ ಇಲ್ಲವೋ, ಮಕ್ಕಳು ಶಾಲೆಗೆ ನಡೆದು ಹೋಗಬಹುದೋ ಇಲ್ಲವೋ?

ಪಾಲಿಕೆಯ ಗಡಿ ಬದಲಾದ ಮಾತ್ರಕ್ಕೆ ಇವುಗಳಲ್ಲಿ ಯಾವುದೂ ಆಗುವುದಿಲ್ಲ. ಬಸ್ಸು ಎಲ್ಲಿ ಓಡಬಲ್ಲದು, ನೀರು ಎತ್ತ ಹರಿಯಬಲ್ಲದು ಎಂಬುದು ಬಡಾವಣೆಯ ನಕ್ಷೆಗೆ ಸಹಿ ಬೀಳುವ ದಿನವೇ ತೀರ್ಮಾನವಾಗಿಬಿಡುತ್ತದೆ. ಆಮೇಲೆ ಬರುವ ಪಾಲಿಕೆಗಾಗಲಿ ಸಾರಿಗೆ ನಿಗಮಕ್ಕಾಗಲಿ ಉಳಿಯುವುದು ಆ ತೀರ್ಮಾನದೊಳಗೆ ಏಗುವ ಕೆಲಸ.

ಯಾರ ಕೈಯಲ್ಲಿ ಏನಿದೆ

ಮೊದಲ ಗೊಂದಲ ಸಂಸ್ಥೆಗಳದ್ದು. ಭೂಬಳಕೆಯ ನಕ್ಷೆ ಮಾಡುವುದು, ಬಡಾವಣೆಗೆ ಅನುಮೋದನೆ ಕೊಡುವುದು ಪ್ರಾಧಿಕಾರದ ಕೆಲಸ. ಅದಕ್ಕೆ ಆಧಾರ 1961ರ ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಮೈಸೂರು–ನಂಜನಗೂಡು ಸ್ಥಳೀಯ ಯೋಜನಾ ಪ್ರದೇಶಕ್ಕೆ ಈಗಿರುವ ಮಾಸ್ಟರ್ ಪ್ಲಾನ್ 2031ನೇ ಇಸವಿಯನ್ನು ಗುರಿಯಾಗಿಟ್ಟುಕೊಂಡದ್ದು. ಊರಿನವರ ಬಾಯಲ್ಲಿ ಅದು ಇಂದಿಗೂ ‘ಸಿಡಿಪಿ’. ಕಸ, ಬೀದಿದೀಪ, ಒಳರಸ್ತೆ, ತೆರಿಗೆ ಸ್ಥಳೀಯ ಸಂಸ್ಥೆಗೆ ಸೇರಿದ್ದು. ನಗರ ಬಸ್ಸು ಓಡಿಸುವುದು ಕೆಎಸ್‌ಆರ್‌ಟಿಸಿಯ ಮೈಸೂರು ನಗರ ವಿಭಾಗ. ದೊಡ್ಡ ರಸ್ತೆಗಳು ಲೋಕೋಪಯೋಗಿ ಇಲಾಖೆ ಅಥವಾ ಹೆದ್ದಾರಿ ಪ್ರಾಧಿಕಾರದ್ದು. ಸಿಗ್ನಲ್ ಮತ್ತು ಏಕಮುಖ ಸಂಚಾರ ಪೊಲೀಸರದ್ದು.

ಇವರೆಲ್ಲ ಒಂದೇ ನಕ್ಷೆಯ ಮುಂದೆ ಕೂತು ಸಹಿ ಹಾಕುವ ವ್ಯವಸ್ಥೆ ಮೈಸೂರಿನಲ್ಲಿಲ್ಲ. ಬೆಂಗಳೂರಿಗೆ 2022ರಲ್ಲಿ ಭೂಸಾರಿಗೆ ಪ್ರಾಧಿಕಾರದ ಕಾಯ್ದೆಯಾದರೂ ಆಯಿತು. ಅದು ಎಷ್ಟು ನಡೆಯುತ್ತಿದೆ ಎಂಬುದು ಬೇರೆ ಮಾತು. ಇಲ್ಲಿ ಬಡಾವಣೆ ಅನುಮೋದನೆಯಾಗುವಾಗ ಬಸ್ಸು ಎಲ್ಲಿ ತಿರುಗಬೇಕು ಎಂದು ಸಾರಿಗೆ ನಿಗಮವನ್ನು ಕೇಳಲೇಬೇಕೆಂಬ ಕಟ್ಟಳೆಯೂ ಇಲ್ಲ.

ಹಳೆಯ ಮೈಸೂರು ಹೇಗೆ ಮಾಡಿತ್ತು

ಮೈಸೂರಿಗೆ ಇದು ಹೊಸ ವಿದ್ಯೆಯೇನಲ್ಲ. ಪ್ಲೇಗ್ ಬಂದು ಊರು ನಡುಗಿದ ನಂತರ, 1903ರಲ್ಲೇ ಇಲ್ಲಿ ನಗರ ಸುಧಾರಣಾ ಟ್ರಸ್ಟ್ ಬೋರ್ಡ್ ಹುಟ್ಟಿತು. ದೇಶದ ಮೊದಮೊದಲ ಇಂಥ ಮಂಡಳಿಗಳಲ್ಲಿ ಅದೂ ಒಂದು. ಚಾಮರಾಜಪುರಂ, ಲಕ್ಷ್ಮೀಪುರಂ, ಒಂಟಿಕೊಪ್ಪಲು, ಯಾದವಗಿರಿಯಂಥ ಕಡೆಗಳಲ್ಲಿ ಇಂದಿಗೂ ನಡೆಯಲು ಹಿತವೆನಿಸಿದರೆ ಅದಕ್ಕೆ ಮರದ ನೆರಳು ಒಂದೇ ಕಾರಣವಲ್ಲ. ಜಾಗವನ್ನು ಒಂದೇ ಕೈ ತೆಗೆದುಕೊಂಡು, ಮೊದಲು ದೊಡ್ಡ ರಸ್ತೆ, ಆಮೇಲೆ ಅಡ್ಡರಸ್ತೆ, ಮನೆಗಳ ಹಿಂದೆ ಕಸ, ಕೊಳೆ ಸಾಗಿಸುವ ಕನ್ಸರ್ವೆನ್ಸಿ ಓಣಿ, ನಡುವೆ ಪಾರ್ಕು ಎಂದು ಗೆರೆ ಎಳೆದದ್ದು ಮುಖ್ಯ ಕಾರಣ.

ಬಹಳ ನಂತರ ಬೆಳೆದ ಕುವೆಂಪುನಗರದಲ್ಲೂ ಇದು ಕಾಣುತ್ತದೆ. ವಿಶ್ವಮಾನವ ಜೋಡಿ ರಸ್ತೆ, ಉದಯರವಿ ರಸ್ತೆಗಳು ಬಡಾವಣೆಯನ್ನು ಸೀಳಿಕೊಂಡು ಹೋಗಿ ಆ ಬದಿಯ ಬಡಾವಣೆಗೆ ಕೂಡುತ್ತವೆ. ಅಡ್ಡರಸ್ತೆಯ ಮನೆಯಿಂದ ಐದಾರು ನಿಮಿಷ ನಡೆದರೆ ಬಸ್ ಸ್ಟಾಪು. ಬಸ್ಸು ಎಲ್ಲೂ ಹಿಂದಕ್ಕೆ ಬರಬೇಕಿಲ್ಲ, ಮುಂದಕ್ಕೇ ಹೋಗುತ್ತದೆ.

ರಿಂಗ್ ರೋಡಿನಾಚೆ ಬಂದರೆ ಚಿತ್ರವೇ ಬೇರೆ. ಅಲ್ಲಿ ಊರು ಬೆಳೆದದ್ದು ಒಂದೊಂದೇ ಸರ್ವೆ ನಂಬರಿನಲ್ಲಿ. ಇಬ್ಬರು ಅಣ್ಣತಮ್ಮಂದಿರ ಪಾಲಿನ ನಾಲ್ಕು ಎಕರೆ, ಅದರ ಪಕ್ಕ ಬೆಳೆಯಿಲ್ಲದ ಎರಡೂವರೆ ಎಕರೆ, ಅದರಾಚೆ ಹತ್ತು ಎಕರೆಯ ಇನ್ನೊಂದು ಲೇಔಟ್. ಒಂದೊಂದಕ್ಕೂ ಬೇರೆ ಬೇರೆ ವರ್ಷ ಅನುಮೋದನೆ, ಬೇರೆ ಬೇರೆ ಡೆವಲಪರ್.

ನಾಲ್ಕು ಎಕರೆಯ ಲೆಕ್ಕ

ಲೇಔಟ್ ಮಾಡುವವರನ್ನು ದುರಾಸೆಯವರೆಂದು ಬೈಯುವುದು ಸುಲಭ. ಅವರು ಹಾಕುವ ಲೆಕ್ಕವನ್ನು ನಾವೂ ಒಮ್ಮೆ ಹಾಕಿ ನೋಡಬೇಕು.

ನಾಲ್ಕು ಎಕರೆ ಎಂದರೆ 160 ಗುಂಟೆ, ಅಂದರೆ 1,74,240 ಚದರ ಅಡಿ. ನಿವೇಶನಕ್ಕೆ ಶೇ 55, ಉದ್ಯಾನಕ್ಕೆ ಶೇ 10, ನಾಗರಿಕ ಸೌಲಭ್ಯದ ಸಿಎ ನಿವೇಶನಕ್ಕೆ ಶೇ 5, ಉಳಿದ ಶೇ 30 ರಸ್ತೆಗೆ ಎಂದು ಹಿಡಿಯೋಣ. ನಿವೇಶನದ ಪಾಲು 95,832 ಚದರ ಅಡಿ. ಮೂವತ್ತು–ನಲವತ್ತರ ಸೈಟಾದರೆ 79. ರಸ್ತೆಯ ಪಾಲು 52,272 ಚದರ ಅಡಿ. ಎಲ್ಲ ರಸ್ತೆಯನ್ನೂ 30 ಅಡಿ ಅಗಲವೇ ಮಾಡಿದರೆ ಒಟ್ಟು 1,742 ಅಡಿ ಉದ್ದದ ರಸ್ತೆ ಸಿಗುತ್ತದೆ. ಎರಡೂ ಬದಿಗೆ 79 ಸೈಟು ಕೂರಿಸಲು ಇದು ಧಾರಾಳ ಸಾಕು.

ಈಗ ಇದೇ ಜಮೀನಿನ ನಡುವೆ ಸಿಡಿಪಿ ನಕ್ಷೆಯ 80 ಅಡಿ ರಸ್ತೆಯೊಂದು ಹಾದುಹೋಗುತ್ತದೆ ಎನ್ನಿ. ಜಮೀನು ಚೌಕಾಕಾರವಾಗಿದ್ದರೆ ಅದರ ಒಂದು ಬದಿ ಸುಮಾರು 417 ಅಡಿ. ಆ ಒಂದು ರಸ್ತೆಯೇ 33,360 ಚದರ ಅಡಿ ನುಂಗುತ್ತದೆ. ರಸ್ತೆಯ ಪಾಲಿನಲ್ಲಿ ಅದು ಹೆಚ್ಚುಕಡಿಮೆ ಮೂರನೆಯ ಎರಡು ಭಾಗ. ಉಳಿದ ಜಾಗದಲ್ಲಿ 30 ಅಡಿ ರಸ್ತೆ 630 ಅಡಿ ಉದ್ದಕ್ಕೆ ಮಾತ್ರ. ಎಲ್ಲ ರಸ್ತೆಗಳ ಎರಡೂ ಬದಿಗೆ ಮೂವತ್ತು ಅಡಿಗೊಂದರಂತೆ ಸೈಟು ಕೂರಿಸಿದರೂ 69ಕ್ಕಿಂತ ಹೆಚ್ಚು ಕೂರುವುದಿಲ್ಲ. ತಿರುವುಗಳಲ್ಲಿ ಹೋಗುವ ಜಾಗ ಕಳೆದರೆ ಇನ್ನೂ ಕಡಿಮೆ. ಕನಿಷ್ಠ ಹತ್ತು ಸೈಟು ಖೋತಾ.

ಆ ಹತ್ತು ಸೈಟಿನ ನಷ್ಟ ಒಬ್ಬನದ್ದು, ದೊಡ್ಡ ರಸ್ತೆಯ ಲಾಭ ಸುತ್ತಲಿನ ಸಾವಿರ ಮನೆಗಳದ್ದು. ಪಕ್ಕದ ಜಮೀನಿನವನಿಗೆ ಮಾತ್ರ ಖರ್ಚಿಲ್ಲದೆ ಅನುಕೂಲ. ಹೀಗಿರುವಾಗ ಯಾರಾದರೂ ಏನು ಮಾಡುತ್ತಾರೆ? ನಕ್ಷೆಯಲ್ಲಿ ಗೆರೆ ಎಳೆಯುವ ಹಂತದಲ್ಲೇ ಆ ರಸ್ತೆ ತನ್ನ ಸರ್ವೆ ನಂಬರಿನಿಂದ ಆಚೆ ಸರಿಯಲಿ ಎಂದು ಓಡಾಡುತ್ತಾರೆ. ಸರಿಯದಿದ್ದರೆ ತಮ್ಮ ಪಾಲಿನಷ್ಟು ರಸ್ತೆ ಮಾಡಿ, ಪಕ್ಕದ ಜಮೀನಿನ ಬೇಲಿಗೆ ತಂದು ನಿಲ್ಲಿಸುತ್ತಾರೆ. ಪಕ್ಕದಾತ ಲೇಔಟ್ ಮಾಡುವವರೆಗೆ, ಅದು ಹತ್ತು ವರ್ಷವಾದರೂ ಸರಿ, ಅಲ್ಲಿ 80 ಅಡಿ ಅಗಲದ ಡಾಂಬರು ರಸ್ತೆ ಮುಳ್ಳುತಂತಿಗೆ ಮುಖ ಕೊಟ್ಟು ನಿಂತಿರುತ್ತದೆ. ಆ ಕಡೆ ಲೇಔಟ್ ಆದರೂ ಕೆಲವೊಮ್ಮೆ ಎರಡು ರಸ್ತೆಗಳ ಮಧ್ಯರೇಖೆ ಕೂಡುವುದಿಲ್ಲ, ಮಟ್ಟವೂ ಕೂಡುವುದಿಲ್ಲ. ಒಂದೂವರೆ ಅಡಿ ಎತ್ತರದ ವ್ಯತ್ಯಾಸವಿದ್ದರೆ ಸಾಕು, ಬೈಕು ಇಳಿಯುತ್ತದೆ, ಬಸ್ಸು ಇಳಿಯುವುದಿಲ್ಲ.

ಪಾರ್ಕಿನ ಕತೆಯೂ ಇದೇ. ನಾಲ್ಕು ಎಕರೆಯ ಶೇ 10 ಎಂದರೆ 16 ಗುಂಟೆ. ಅದೂ ಹೈಟೆನ್ಷನ್ ತಂತಿಯ ಕೆಳಗೋ ಹಳ್ಳದ ಅಂಚಿಗೋ ಮೂಲೆಗೆ ಹೋಗಿ ಕೂರುತ್ತದೆ, ಏಕೆಂದರೆ ಸೈಟು ಮಾಡಲಾಗದ ಜಾಗ ಅದು. ಸಿಎ ನಿವೇಶನದ ಶೇ 5 ಎಂದರೆ 8 ಗುಂಟೆ. ಎಂಟು ಗುಂಟೆಯಲ್ಲಿ ಅಂಗನವಾಡಿ ಆದೀತು, ಆಟದ ಮೈದಾನವಿರುವ ಶಾಲೆ ಆಗದು. ಅದೇ ನೂರು ಎಕರೆಯನ್ನು ಒಟ್ಟಿಗೆ ಯೋಜಿಸಿದ್ದರೆ ಶೇ 5 ಎಂದರೆ ಐದು ಎಕರೆ: ಒಂದು ಶಾಲೆ, ಒಂದು ಆಸ್ಪತ್ರೆ, ಒಂದು ಸಂತೆ ಮಾಳ ಎಲ್ಲ ಹಿಡಿಸುತ್ತಿತ್ತು. ಮುಡಾದ ಕಾಲದಲ್ಲಿ ಪ್ರಾಧಿಕಾರ ತಾನೇ ಮಾಡುತ್ತಿದ್ದ ಬಡಾವಣೆಗೆ 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆ ಉದ್ಯಾನ ಮತ್ತು ಆಟದ ಮೈದಾನಕ್ಕೆ ಶೇ 15, ನಾಗರಿಕ ಸೌಲಭ್ಯಕ್ಕೆ ಹೆಚ್ಚುವರಿಯಾಗಿ ಶೇ 10 ಬಿಡಬೇಕೆನ್ನುತ್ತಿತ್ತು. ಶೇಕಡಾವಾರು ಎಷ್ಟೇ ಇರಲಿ, ಚೂರುಚೂರಾಗಿ ಬಿಟ್ಟ ಜಾಗ ಕಾಗದದ ಮೇಲಷ್ಟೇ ಒಟ್ಟಾಗುತ್ತದೆ.

ಬಸ್ಸು ಒಳಗೆ ಬರದಿರಲು ಕಾರಣ

ಡಿಪೊ ಮೇಲೆ ಒತ್ತಡ ತಂದರೆ ಬಸ್ಸು ಬರುತ್ತದೆ ಎಂಬ ನಂಬಿಕೆ ಬಡಾವಣೆಗಳ ಸಂಘಗಳಲ್ಲಿ ಗಟ್ಟಿಯಾಗಿದೆ. ಒತ್ತಡಕ್ಕೆ ಬಂದ ಬಸ್ಸು ಆರು ತಿಂಗಳಲ್ಲಿ ನಿಂತುಹೋಗುವುದೂ ಅಷ್ಟೇ ಮಾಮೂಲು.

ಸಾಮಾನ್ಯ ನಗರ ಬಸ್ಸಿನ ಉದ್ದ 12 ಮೀಟರ್, ಅಗಲ ಎರಡೂವರೆ ಮೀಟರ್‌ಗಿಂತ ತುಸು ಹೆಚ್ಚು. ಒಂದೇ ಬೀಸಿಗೆ ಪೂರಾ ತಿರುಗಲು ಸುಮಾರು 24 ಮೀಟರ್ ಅಗಲದ ಜಾಗ ಬೇಕು. 30 ಅಡಿ ರಸ್ತೆ ಎಂದರೆ 9 ಮೀಟರ್. ಅದರಲ್ಲಿ ಎರಡೂ ಬದಿಯ ಚರಂಡಿ, ಕಂಬಗಳಿಗೆ ಒಂದೂವರೆ ಮೀಟರ್ ಕಳೆಯಿರಿ. ಒಂದು ಬದಿ ಕಾರು ನಿಂತರೆ ಇನ್ನೆರಡು ಮೀಟರ್ ಹೋಯಿತು, ಎರಡೂ ಬದಿ ನಿಂತರೆ ಉಳಿಯುವುದು ಮೂರೂವರೆ ಮೀಟರ್. ಎದುರಿಗೆ ಟ್ಯಾಂಕರ್ ಬಂದರೆ ಇಬ್ಬರಲ್ಲೊಬ್ಬರು ಹಿಂದೆ ಸರಿಯಬೇಕು. ರಸ್ತೆ ಬೇಲಿಯಲ್ಲಿ ಮುಗಿದಿದ್ದರಂತೂ ಕಂಡಕ್ಟರ್ ಕೆಳಗಿಳಿದು, ಹಿಂದೆ ನಿಂತು ಸೀಟಿ ಊದುತ್ತಾ, ಯಾರದೋ ಗೇಟಿನ ಮುಂದಿನ ಇಳಿಜಾರಿಗೆ ಚಕ್ರ ಹತ್ತಿಸಿ, ನಾಲ್ಕು ಸಲ ಹಿಂದೆ ಮುಂದೆ ಮಾಡಿಸಬೇಕು. ಆ ಇಳಿಜಾರಿನ ಕಲ್ಲು ಒಡೆದ ದಿನ ಮನೆಯವರ ಜಗಳ, ಮರುದಿನದಿಂದ ಬಸ್ಸು ಮುಖ್ಯರಸ್ತೆಯಲ್ಲೇ.

ಇನ್ನು ಸಮಯದ ಲೆಕ್ಕ. ನಗರ ಬಸ್ ನಿಲ್ದಾಣದಿಂದ 12 ಕಿ.ಮೀ. ದೂರದ ಬಡಾವಣೆ, ಸರಾಸರಿ ವೇಗ ಗಂಟೆಗೆ 15 ಕಿ.ಮೀ. ಎಂದುಕೊಳ್ಳೋಣ. ಹೋಗಲು 48 ನಿಮಿಷ, ಬರಲು 48. ಎರಡೂ ತುದಿಯಲ್ಲಿ ಏಳೇಳು ನಿಮಿಷ ವಿರಾಮ ಸೇರಿದರೆ ಒಂದು ಸುತ್ತಿಗೆ 110 ನಿಮಿಷ. ಹತ್ತು ನಿಮಿಷಕ್ಕೊಂದು ಬಸ್ಸು ಬೇಕಾದರೆ 11 ಬಸ್ಸು ಬೇಕು. ಈಗ ಸುತ್ತಿಗೊಮ್ಮೆ ನಡುವೆ ಒಂದು ಲೇಔಟಿನೊಳಗೆ ಒಂದೂವರೆ ಕಿ.ಮೀ. ಹೋಗಿ ಅದೇ ದಾರಿಯಲ್ಲಿ ವಾಪಸು ಬರಬೇಕು ಎನ್ನಿ. ಸುತ್ತಿಗೆ 12 ನಿಮಿಷ ಸೇರಿ 122 ನಿಮಿಷವಾಯಿತು. ಅದೇ ಹತ್ತು ನಿಮಿಷದ ಸೇವೆಗೆ ಈಗ 13 ಬಸ್ಸು. ಹೆಚ್ಚುವರಿ ಎರಡು ಬಸ್ಸು, ಅವುಗಳ ಚಾಲಕರು, ಡೀಸೆಲ್ ಎಲ್ಲ ಬರುವುದು ಬೇರೊಂದು ಮಾರ್ಗದಿಂದ ಕಿತ್ತು. ಬಸ್ಸಿನಲ್ಲಿ ಆಗಲೇ ಕೂತಿರುವವರಿಗೆ ಆ ಸುತ್ತು ಬರೀ ಕಾಲಹರಣ.

ಅರ್ಧ ಗಂಟೆಗೊಂದು ಬಸ್ಸಾದರೆ ಕಾಯುವ ಹೊತ್ತೇ ಸರಾಸರಿ ಕಾಲು ಗಂಟೆ. ಒಂದು ಬಸ್ಸು ತಪ್ಪಿದರೆ ಕೆಲಸಕ್ಕೆ ತಡ. ಹಾಗಾಗಿ ಮನೆಗೊಂದಿದ್ದ ಸ್ಕೂಟರ್ ಎರಡಾಗುತ್ತದೆ. ಸ್ಕೂಟರ್ ಬಂದ ಮೇಲೆ ಬಸ್ಸಿನಲ್ಲಿ ಜನ ಇಲ್ಲ, ಜನ ಇಲ್ಲವೆಂದು ಟ್ರಿಪ್ಪು ಕಡಿತ, ಕಡಿತವಾದದ್ದಕ್ಕೆ ಇನ್ನಷ್ಟು ಸ್ಕೂಟರ್. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಬಸ್ಸು ಉಚಿತವಾಗಿದೆ. ಬಸ್ಸು ಇರುವ ಕಡೆ ಇದರಿಂದ ದೊಡ್ಡ ಉಪಕಾರವೇ ಆಗಿದೆ. ಬಸ್ಸೇ ಬಾರದ ಲೇಔಟಿನ ಮನೆಗೆಲಸದ ಹೆಂಗಸಿಗೆ, ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿಗೆ ಉಚಿತ ಟಿಕೆಟ್ ಮುಖ್ಯರಸ್ತೆಯ ಸ್ಟಾಪಿನಿಂದಾಚೆಗೆ ಮಾತ್ರ. ಅಲ್ಲಿಯವರೆಗೆ ಬೀದಿದೀಪವಿಲ್ಲದ ಎರಡು ಕಿ.ಮೀ. ಅಥವಾ ಆಟೊ ಬಾಡಿಗೆ.

ಒಳಗಿನ ಜಾಮ್ ಹುಟ್ಟುವುದು ಹೊರಗೆ

ಮೈಸೂರಿನ ಹಳೆಯ ರಸ್ತೆಗಳು ಅರಮನೆಯ ಸುತ್ತಿನಿಂದ ಹೊರಟು ಬೆಂಗಳೂರು, ತಿ.ನರಸೀಪುರ, ನಂಜನಗೂಡು, ಎಚ್.ಡಿ.ಕೋಟೆ, ಬೋಗಾದಿ, ಹುಣಸೂರು, ಕೆಆರ್‌ಎಸ್ ದಿಕ್ಕುಗಳಿಗೆ ಚಾಚಿಕೊಂಡಿವೆ. ಹೊರವಲಯದ ಲೇಔಟುಗಳು ಇವುಗಳಲ್ಲಿ ಯಾವುದಾದರೂ ಒಂದಕ್ಕೆ ಜೋತುಬಿದ್ದಿರುತ್ತವೆ, ಒಂದಕ್ಕೊಂದು ಕೂಡಿರುವುದಿಲ್ಲ. ಬೋಗಾದಿ ರಸ್ತೆಯ ಬದಿಯವರು ಹುಣಸೂರು ರಸ್ತೆಯ ಬದಿಗೆ ಹೋಗಬೇಕಾದರೂ ಒಂದೋ ರಿಂಗ್ ರೋಡಿಗೆ ಬರಬೇಕು, ಇಲ್ಲವೇ ಊರೊಳಗೆ ಬಂದು ಹೋಗಬೇಕು. 42 ಕಿ.ಮೀ. ಉದ್ದದ ರಿಂಗ್ ರೋಡು ಲಾರಿಗಳನ್ನು ಊರಿನಿಂದಾಚೆ ಸಾಗಿಸಲೆಂದು ಬಂದದ್ದು. ಈಗ ಅದು ಹಾಲು ತರಲು, ಟ್ಯೂಷನ್‌ಗೆ ಹೋಗಲು ಬಳಸುವ ಬೀದಿಯೂ ಹೌದು. ದೂರದ ಲಾರಿಯೂ ಶಾಲೆಯ ಸೈಕಲ್ಲೂ ಒಂದೇ ಜಂಕ್ಷನ್ನಿನಲ್ಲಿ ಎದುರಾಗುವುದು ಇದರಿಂದ.

ಊರೊಳಗೆ ಬಂದ ವಾಹನಗಳಿಗೆ ಜಾಗ ಸಾಲದಾದಾಗ ಕಣ್ಣು ಬೀಳುವುದು ಸಾಲುಮರಗಳ ಮೇಲೆ. 2025ರ ಏಪ್ರಿಲ್‌ನಲ್ಲಿ ಹೈದರಾಲಿ ರಸ್ತೆಯಲ್ಲಿ ರಾತ್ರೋರಾತ್ರಿ 40 ಮರಗಳು ಉರುಳಿದ್ದು ಅಗಲೀಕರಣದ ಹೆಸರಿನಲ್ಲಿ. ಊರಿನ ಜನ ಬೀದಿಗಿಳಿದದ್ದು ಸಹಜವೇ. ಆದರೆ ಅಗಲವಾದ ಆ ಒಂದು ತುಂಡು ರಸ್ತೆಯ ಮುಂದಿನ ವೃತ್ತ ಹಾಗೆಯೇ ಇರುತ್ತದಲ್ಲ? ಜಂಕ್ಷನ್ ಎಷ್ಟು ವಾಹನ ದಾಟಿಸಬಲ್ಲದೋ ರಸ್ತೆ ಅಷ್ಟೇ ಹೊರುತ್ತದೆ. ನಡುವಿನ ಭಾಗ ಅಗಲವಾದರೆ ವಾಹನಗಳು ಅಗಲವಾಗಿ ಕಾಯುತ್ತವೆ.

ಯಾರು ಏನು ಹೇಳುತ್ತಾರೆ

ಗಡಿ ವಿಸ್ತರಣೆ ಬೇಕೆನ್ನುವವರ ವಾದದಲ್ಲಿ ಹುರುಳಿದೆ. ಒಂದೇ ಊರಾಗಿ ಬೆಳೆದ ಜಾಗವನ್ನು ಪಾಲಿಕೆ, ನಗರಸಭೆ, ಪಟ್ಟಣ ಪಂಚಾಯಿತಿ, ಗ್ರಾಮ ಪಂಚಾಯಿತಿ ಎಂದು ಹರಿದು ಹಂಚಿದರೆ ಕಸದ ಗಾಡಿಯೂ ಗಡಿಯಲ್ಲಿ ನಿಲ್ಲುತ್ತದೆ. ಒಳಚರಂಡಿಯನ್ನೇ ನೋಡಿ. ಲೇಔಟಿನೊಳಗೆ ಒಳಚರಂಡಿಯ (ಯುಜಿಡಿ) ಪೈಪು ಹೂತಿರುತ್ತಾರೆ, ಮ್ಯಾನ್‌ಹೋಲ್ ಮುಚ್ಚಳವೂ ಇರುತ್ತದೆ. ಆದರೆ ಅದನ್ನು ಕೆಸರೆ, ರಾಯನಕೆರೆ ಅಥವಾ ವಿದ್ಯಾರಣ್ಯಪುರಂ ಶುದ್ಧೀಕರಣ ಘಟಕಕ್ಕೆ ಒಯ್ಯುವ ದೊಡ್ಡ ಕೊಳವೆ ಲೇಔಟಿನ ಗಡಿಯಾಚೆ ಇರಬೇಕಾದದ್ದು. ಅದು ಇಲ್ಲದಿದ್ದಾಗ ಪೈಪಿನ ಬಾಯಿ ಹತ್ತಿರದ ರಾಜಕಾಲುವೆಗೆ ತೆರೆದುಕೊಳ್ಳುತ್ತದೆ, ಮುಂದಿನದು ಕೆರೆಯ ಪಾಡು. ಇಂಥ ಕೊಳವೆ ಹಾಕಲು ಇಡೀ ಪ್ರದೇಶಕ್ಕೆ ಒಂದೇ ಸಂಸ್ಥೆ ಇದ್ದರೆ ಲೇಸು.

ಬೇಡ ಎನ್ನುವ ಹಳ್ಳಿಗಳವರಿಗೂ ಕಾರಣಗಳಿವೆ. ಆಸ್ತಿ ತೆರಿಗೆ ಏರುತ್ತದೆ, ಗ್ರಾಮೀಣ ಉದ್ಯೋಗ ಖಾತರಿಯ ಕೆಲಸ ನಿಲ್ಲುತ್ತದೆ, ಕೂಗಿದರೆ ಕೇಳಿಸುವಷ್ಟು ಹತ್ತಿರವಿದ್ದ ಪಂಚಾಯಿತಿ ಸದಸ್ಯ ಹೋಗಿ ದೂರದ ವಾರ್ಡು ಬರುತ್ತದೆ. ಸಾಲದ್ದಕ್ಕೆ ಪಾಲಿಕೆಯ ಚುನಾಯಿತ ಮಂಡಳಿಯ ಅವಧಿ 2023ರ ನವೆಂಬರ್‌ನಲ್ಲೇ ಮುಗಿದಿದೆ. ಹೆಚ್ಚು ಚರ್ಚೆಯಾಗದ ಇನ್ನೊಂದು ಅಂಶ ಪರಿಹಾರದ್ದು. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಮಾರುಕಟ್ಟೆ ಬೆಲೆಯನ್ನು ಗ್ರಾಮೀಣ ಪ್ರದೇಶದಲ್ಲಿ ನಗರದಿಂದ ಇರುವ ದೂರಕ್ಕೆ ತಕ್ಕಂತೆ 1ರಿಂದ 2ರವರೆಗಿನ ಅಂಶದಿಂದ ಗುಣಿಸಬೇಕು, ಆಮೇಲೆ ಅಷ್ಟೇ ಮೊತ್ತದ ಸೊಲೇಷಿಯಂ (ಸಾಂತ್ವನ ಧನ) ಸೇರಿಸಬೇಕು. ನಗರ ಪ್ರದೇಶದಲ್ಲಿ ಆ ಅಂಶ ಬರೀ 1. ಅಂದರೆ ಹಳ್ಳಿ ಹಳ್ಳಿಯಾಗಿದ್ದಾಗ ನಾಲ್ಕು ಪಟ್ಟಿನವರೆಗೆ ಹೋಗಬಹುದಾದ ಪರಿಹಾರ, ಪಾಲಿಕೆಗೆ ಸೇರಿದ ಮೇಲೆ ಎರಡು ಪಟ್ಟಿಗೆ ನಿಲ್ಲುತ್ತದೆ. ಹೊಸ ವರ್ತುಲ ರಸ್ತೆಗೆ ಜಮೀನು ಹೋಗಬಹುದಾದ ಊರುಗಳಲ್ಲಿ ಗಡಿಯ ಅಧಿಸೂಚನೆ ಮೊದಲೋ ಸ್ವಾಧೀನದ ಅಧಿಸೂಚನೆ ಮೊದಲೋ ಎಂಬ ಪ್ರಶ್ನೆಯ ಬೆಲೆ ಇದು.

ಬಿ-ಖಾತಾ ಸಿಕ್ಕವರು ಒಂದು ವಿಷಯ ತಿಳಿದಿರಬೇಕು. ತೆರಿಗೆ ಕಟ್ಟಿಸಿಕೊಳ್ಳಲು ಮಾಡಿದ ದಾಖಲೆ ಅದು. ಲೇಔಟಿನ ನಕ್ಷೆಗೆ ಅನುಮೋದನೆ ಸಿಕ್ಕಿತೆಂದಾಗಲಿ, ಮುಂದಿನ ರಸ್ತೆ ಸಾರ್ವಜನಿಕವಾಯಿತೆಂದಾಗಲಿ ಅದರಿಂದ ಆಗುವುದಿಲ್ಲ. ಅನುಮೋದಿತ ಬಡಾವಣೆಯಲ್ಲಿ ರಸ್ತೆ, ಪಾರ್ಕುಗಳನ್ನು ಮಾಲೀಕರು ಪರಿತ್ಯಾಗ ಪತ್ರದ ಮೂಲಕ ಪ್ರಾಧಿಕಾರಕ್ಕೆ ಬಿಟ್ಟುಕೊಡುತ್ತಾರೆ. ರೆವಿನ್ಯೂ ಲೇಔಟಿನಲ್ಲಿ ಆ ಪತ್ರವೇ ಇರುವುದಿಲ್ಲವಾದ್ದರಿಂದ ರಸ್ತೆಯ ಜಾಗ ಪಹಣಿಯಲ್ಲಿ ಇನ್ನೂ ಹಳೆಯ ಮಾಲೀಕನ ಹೆಸರಿನಲ್ಲೇ ಉಳಿದಿರಬಹುದು. ಅಲ್ಲಿ ಸರ್ಕಾರಿ ಹಣದಿಂದ ಚರಂಡಿ ಕಟ್ಟಲು ಹೋದರೆ ಆಡಿಟ್ ಆಕ್ಷೇಪಣೆ ಕಾದಿರುತ್ತದೆ.

ಹೊಸ ವರ್ತುಲ ರಸ್ತೆ ಮತ್ತು ಮಂಡ್ಯದ ಅನುಭವ

ಇನ್ನೂ ಆಚೆ, ಸುಮಾರು ನೂರು ಕಿ.ಮೀ. ಸುತ್ತಳತೆಯ ಪೆರಿಫೆರಲ್ ರಿಂಗ್ ರೋಡ್ ಬೇಕೆನ್ನುವವರು ಲಾರಿಗಳು ಊರಿನಿಂದ ದೂರವಾಗುತ್ತವೆ ಎನ್ನುತ್ತಾರೆ. ಅದು ನಿಜ. ಆದರೆ ಅಂಥ ರಸ್ತೆಯ ಸುದ್ದಿ ಬಂದ ದಿನದಿಂದಲೇ ಅದರ ಇಕ್ಕೆಲಗಳಲ್ಲಿ ಜಮೀನಿನ ಬೆಲೆ ಏರಿ, ಲೇಔಟ್ ಬೋರ್ಡುಗಳು ಏಳುತ್ತವೆ. ಹಳೆಯ ರಿಂಗ್ ರೋಡಿನ ಒಳಗೇ ಎಷ್ಟೋ ಸೈಟುಗಳು ಮನೆಯಿಲ್ಲದೆ ಪಾರ್ಥೇನಿಯಂ ಬೆಳೆಯುತ್ತಿರುವಾಗ ಊರು ಇನ್ನಷ್ಟು ತೆಳ್ಳಗೆ ಹರಡುತ್ತದೆ. ಪ್ರತಿ ಕಿ.ಮೀ. ಪೈಪಿಗೆ, ಪ್ರತಿ ಬಸ್ಸಿಗೆ ಸಿಗುವ ಮನೆಗಳು ಕಡಿಮೆಯಾಗುತ್ತವೆ.

ಇಂಥ ರಸ್ತೆ ಸುತ್ತಲ ಊರುಗಳಿಗೆ ಏನು ಮಾಡುತ್ತದೆ ಎಂಬುದಕ್ಕೆ ಮಂಡ್ಯ ಜಿಲ್ಲೆಗಿಂತ ಹತ್ತಿರದ ಉದಾಹರಣೆ ಬೇಡ. ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥಗಳಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ನಿಷೇಧ. ವೇಗದ ರಸ್ತೆಯಲ್ಲಿ ಅಪಘಾತ ತಡೆಯಲು ನಿಷೇಧ ಬೇಕಿತ್ತು. ಆದರೆ ಈ ಬದಿಯಲ್ಲಿ ಮನೆ, ಆ ಬದಿಯಲ್ಲಿ ಗದ್ದೆ ಇರುವವನಿಗೆ, ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವನಿಗೆ ಆಮೇಲೆ ಗತಿ ಸರ್ವಿಸ್ ರಸ್ತೆ ಮತ್ತು ಅಂಡರ್‌ಪಾಸ್ ಮಾತ್ರ. ಅಂಡರ್‌ಪಾಸ್ ಎಷ್ಟು ದೂರಕ್ಕೊಂದು, ಹುಲ್ಲಿನ ಹೊರೆ ಹೊತ್ತ ಗಾಡಿ ಹಿಡಿಸುವಷ್ಟು ಎತ್ತರವಿದೆಯೇ, ಮಳೆನೀರು ನಿಲ್ಲುತ್ತದೆಯೇ, ಸರ್ವಿಸ್ ರಸ್ತೆ ಸೇತುವೆಯ ಬಳಿ ತುಂಡಾಗುತ್ತದೆಯೇ ಎಂಬುದೆಲ್ಲ ಯೋಜನಾ ವರದಿಯ ಹಂತದಲ್ಲಿ ಕೇಳಿಸಿಕೊಳ್ಳಬೇಕಾದ ಪ್ರಶ್ನೆಗಳು. ಕಾಂಕ್ರೀಟು ಬಿದ್ದ ಮೇಲೆ ಒಂದೊಂದು ಅಂಡರ್‌ಪಾಸಿಗೂ ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆಯಬೇಕು.

ಹೊಸ ರಸ್ತೆಯ ಗದ್ದಲದಲ್ಲಿ ಇರುವ ಹಳಿ ಮರೆತುಹೋಗಿದೆ. ನಂಜನಗೂಡು ದಿಕ್ಕಿಗೆ ಚಾಮರಾಜಪುರಂ, ಅಶೋಕಪುರಂ, ಕಡಕೊಳ ನಿಲ್ದಾಣಗಳಿವೆ. ಪಾಲಿಕೆಗೆ ಸೇರಲಿರುವ ಕಡಕೊಳಕ್ಕೆ ರೈಲು ಆಗಲೇ ಇದೆ, ಬೇಕಿರುವುದು ಶಿಫ್ಟಿನ ಹೊತ್ತಿಗೆ ಹೊಂದುವ ವೇಳಾಪಟ್ಟಿ ಮತ್ತು ನಿಲ್ದಾಣಕ್ಕೆ ಕೂಡುವ ರಸ್ತೆ. ಇಂಥ ನಿಲ್ದಾಣದ ನಡಿಗೆಯ ದೂರದಲ್ಲಿ ದಟ್ಟವಾಗಿ ಮನೆ ಕಟ್ಟಲು ಬಿಟ್ಟು, ದೂರದ ಗದ್ದೆಗಳನ್ನು ಹಸಿರಾಗಿಯೇ ಉಳಿಸುವುದು ಮಾಸ್ಟರ್ ಪ್ಲಾನ್ ಮಾಡಬಹುದಾದ ಕೆಲಸ.

ರಸ್ತೆಯ ಜಾಗ ಸಿಗುವುದು ಹೇಗೆ

ನಕ್ಷೆಯಲ್ಲಿ ಗೆರೆ ಎಳೆದರೆ ರಸ್ತೆಯಾಗುವುದಿಲ್ಲ, ಜಾಗ ಬೇಕು. ದುಡ್ಡು ಕೊಟ್ಟು ಕೊಳ್ಳುವುದು ಒಂದು ದಾರಿ, ಮೇಲಿನ ಲೆಕ್ಕದಲ್ಲಿ ಅದು ಬಹಳ ತುಟ್ಟಿ. ಅಭಿವೃದ್ಧಿಪಡಿಸಿದ ಜಾಗದಲ್ಲಿ ಪಾಲು ಕೊಡುವುದು ಎರಡನೆಯದು. ಜಮೀನು ಕೊಟ್ಟವರಿಗೆ ಅಭಿವೃದ್ಧಿಯಾದ ಜಾಗದಲ್ಲಿ ಅರ್ಧ ಕೊಡುವ ಮುಡಾದ 50:50 ಅದೇ ಬಗೆಯದು. 2024ರಲ್ಲಿ ಆ ನಿವೇಶನ ಹಂಚಿಕೆ ರಾಜ್ಯವಿಡೀ ವಿವಾದವಾದ ಮೇಲೆ, ಭೂಮಿಗೆ ಬದಲು ಭೂಮಿ ಎಂದರೆ ಅಧಿಕಾರಿಗಳು ಬೆಚ್ಚುವಂತಾಗಿದೆ. ಅಲ್ಲಿ ತಕರಾರು ಎದ್ದದ್ದು ಯಾವ ಜಮೀನಿಗೆ, ಯಾವ ಕಾಲದಲ್ಲಿ, ಎಲ್ಲಿ ಬದಲಿ ಕೊಟ್ಟರು ಎಂಬುದರ ಬಗ್ಗೆ. ಹೊರವಲಯದ ಜಮೀನಿಗೆ ಬೆಲೆಬಾಳುವ ಬಡಾವಣೆಯಲ್ಲಿ ಸೈಟು ಕೊಡಬಹುದಾದರೆ ವಿವೇಚನೆಗೆ ಮಿತಿಯೇ ಇರುವುದಿಲ್ಲ.

ಮೂರನೆಯದು ನಗರ ಯೋಜನಾ ಸ್ಕೀಮು. ಒಂದು ಪ್ರದೇಶದ ಎಲ್ಲ ಜಮೀನುಗಳನ್ನು ಒಟ್ಟುಗೂಡಿಸಿ, ಮೊದಲು ರಸ್ತೆ, ಪಾರ್ಕು, ಶಾಲೆಗೆ ಜಾಗ ತೆಗೆದು, ಉಳಿದದ್ದನ್ನು ಎಲ್ಲರಿಗೂ ಒಂದೇ ಪ್ರಮಾಣದಲ್ಲಿ, ಆದಷ್ಟೂ ಅವರವರ ಜಾಗದ ಹತ್ತಿರವೇ ಮರುಹಂಚುವುದು. ಜಾಗಕ್ಕೆ ಬದಲು ಜಾಗ ಅಲ್ಲೇ ಸಿಗುವುದರಿಂದ ಬೆಲೆಬಾಳುವ ಬಡಾವಣೆಯಲ್ಲಿ ಬದಲಿ ಸೈಟಿನ ಪ್ರಶ್ನೆ ಏಳುವುದಿಲ್ಲ, ಹತ್ತು ಸೈಟಿನ ನಷ್ಟವೂ ಒಬ್ಬನ ತಲೆಗೆ ಬೀಳುವುದಿಲ್ಲ. ಅಹಮದಾಬಾದ್ ತನ್ನ 76 ಕಿ.ಮೀ. ವರ್ತುಲ ರಸ್ತೆಯ ಜಾಗಕ್ಕೆ ಈ ವಿಧಾನ ಬಳಸಿತು. ನಮ್ಮ 1961ರ ಕಾಯ್ದೆಯಲ್ಲೂ ಇಂಥ ಸ್ಕೀಮಿಗೆ ಪೂರ್ತಿ ಅಧ್ಯಾಯವಿದೆ, ಬಳಕೆ ಮಾತ್ರ ಅಪರೂಪ. ತೊಡಕೂ ಇಲ್ಲದಿಲ್ಲ. ಪೋಡಿಯಾಗದ (ಪಾಲು ಅಳೆದು ಬೇರೆ ಮಾಡದ) ಪಹಣಿ, ಬಗೆಹರಿಯದ ಕುಟುಂಬದ ಪಾಲು, ಆಗಲೇ ಮಾರಾಟವಾದ ರೆವಿನ್ಯೂ ಸೈಟು ಇವು ಒಂದೆರಡಿದ್ದರೂ ಮರುಹಂಚಿಕೆ ನ್ಯಾಯಾಲಯದಲ್ಲಿ ನಿಲ್ಲುತ್ತದೆ. ಹಾಗಾಗಿ ಇನ್ನೂ ಲೇಔಟ್ ಏಳದ ಕಡೆ, ಮನೆಗಳು ಬರುವ ಮೊದಲೇ ಮಾಡಬೇಕಾದ ಕೆಲಸ ಇದು.

ಕರಡು ಪ್ರಕಟವಾದಾಗ

ಹೊಸ ಮಾಸ್ಟರ್ ಪ್ಲಾನಿನ ಕರಡು ಪ್ರಕಟವಾದ ಮೇಲೆ ಆಕ್ಷೇಪಣೆಗೆ ಕಾಯ್ದೆ ಕೊಡುವ ಅವಧಿ 60 ದಿನ. ನಕ್ಷೆ ದೊಡ್ಡದು, ಬಣ್ಣಗಳು ಹಲವು. ಹಳದಿ ಬಣ್ಣದಲ್ಲಿ ತಮ್ಮ ಜಾಗ ವಸತಿ ಎಂದು ಕಂಡೊಡನೆ ಬಹುಪಾಲು ಜನ ನಕ್ಷೆ ಮಡಚಿಬಿಡುತ್ತಾರೆ. ನೋಡಬೇಕಾದದ್ದು ಅದರಲ್ಲಿ ಎಳೆದಿರುವ ರಸ್ತೆಯ ಗೆರೆಗಳನ್ನು.

ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನಿಮ್ಮ ಜಾಗದ ಸರ್ವೆ ನಂಬರನ್ನೂ ಸುತ್ತಲಿನ ಐದಾರು ನಂಬರುಗಳನ್ನೂ ಗುರುತಿಸಿಕೊಳ್ಳಿ. ಗ್ರಾಮ ನಕ್ಷೆಯ ಪ್ರತಿ ತೆಗೆದು ಬಂಡಿದಾರಿ, ಹಳ್ಳ, ಬಿ-ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ) ಎಲ್ಲಿವೆ ನೋಡಿ. ಸರ್ಕಾರದ್ದೇ ಆದ ಬಂಡಿದಾರಿ ಎಷ್ಟೋ ಕಡೆ ಎರಡು ಲೇಔಟ್ ಕೂಡಿಸುವ ಅಗ್ಗದ ದಾರಿ. ಆಮೇಲೆ ಕರಡಿನಲ್ಲಿ ಹುಡುಕಿ: ಅರ್ಧ ಕಿಲೋಮೀಟರಿಗೊಂದಾದರೂ 60 ಅಡಿಗೆ ಕಡಿಮೆಯಿಲ್ಲದ ರಸ್ತೆ ಇದೆಯೇ, ಅದು ಎರಡೂ ತುದಿಯಲ್ಲಿ ಮತ್ತೊಂದು ರಸ್ತೆಗೆ ಕೂಡುತ್ತದೆಯೇ, ಈಗಾಗಲೇ ಅನುಮೋದನೆಯಾದ ಲೇಔಟಿನ ಮೇಲೆ ಎಳೆದ ಗೆರೆಯೇ? ಕೊನೆಯದು ಹೌದಾದರೆ ಆ ರಸ್ತೆ ಆಗುವುದಿಲ್ಲವೆಂದೇ ತಿಳಿಯಿರಿ. ಆಕ್ಷೇಪಣೆಯಲ್ಲಿ ‘ನಮ್ಮ ಬಡಾವಣೆಗೆ ಸೌಕರ್ಯ ಕೊಡಿ’ ಎಂದು ಬರೆದರೆ ಪ್ರಯೋಜನವಿಲ್ಲ. ಇಂಥ ಸರ್ವೆ ನಂಬರಿನಿಂದ ಇಂಥ ಸರ್ವೆ ನಂಬರಿನವರೆಗೆ, ಇಷ್ಟು ಅಡಿ ಅಗಲ, ಈ ಎರಡು ರಸ್ತೆಗಳನ್ನು ಕೂಡಿಸಲು ಎಂದು ಬರೆದು, ಗ್ರಾಮ ನಕ್ಷೆಯ ಮೇಲೆ ಗುರುತು ಮಾಡಿ ಲಗತ್ತಿಸಬೇಕು. ಹಿಂಬರಹದ ಸ್ವೀಕೃತಿ ಪಡೆದಿಟ್ಟುಕೊಳ್ಳಬೇಕು.

ನಕ್ಷೆ ಅಂತಿಮವಾದ ಮೇಲೂ ಒಂದು ಗಡಿಯಾರ ಓಡುತ್ತಿರುತ್ತದೆ. ಪಾರ್ಕಿನಂಥ ಸಾರ್ವಜನಿಕ ಉದ್ದೇಶಕ್ಕೆ ಮೀಸಲಿಟ್ಟ ಖಾಸಗಿ ಜಾಗವನ್ನು ಐದು ವರ್ಷದೊಳಗೆ ಪಡೆದುಕೊಳ್ಳದಿದ್ದರೆ ಕಾಯ್ದೆಯ 69ನೇ ಕಲಮಿನಡಿ ಆ ಮೀಸಲು ಬಿದ್ದುಹೋಗುತ್ತದೆ, ಮಾಲೀಕರು ನ್ಯಾಯಾಲಯಕ್ಕೆ ಹೋಗಿ ಜಾಗ ಬಿಡಿಸಿಕೊಂಡ ಪ್ರಕರಣಗಳು ರಾಜ್ಯದಲ್ಲಿ ಬೇಕಾದಷ್ಟಿವೆ. ಹಾಗಾಗಿ ಹೊಸ ಪ್ರಾಧಿಕಾರದ ಪ್ರತಿ ವರ್ಷದ ಬಜೆಟ್ಟಿನಲ್ಲಿ ನೋಡಬೇಕಾದ ಸಾಲು ಒಂದಿದೆ: ಮಾಸ್ಟರ್ ಪ್ಲಾನ್ ರಸ್ತೆ ಮತ್ತು ಉದ್ಯಾನಗಳ ಭೂಮಿಗೆ ಎಷ್ಟು ಹಣ, ಯಾವ ಸರ್ವೆ ನಂಬರುಗಳಿಗೆ. ಆ ಸಾಲು ಖಾಲಿಯಿದ್ದರೆ, ಕರಡಿನಲ್ಲಿ ಕಂಡ ರಸ್ತೆಗಳ ಜಾಗದಲ್ಲಿ ಮುಂದಿನ ಲೇಔಟಿನ ಕಲ್ಲು ನೆಡುವುದಕ್ಕೆ ಐದು ವರ್ಷವೂ ಬೇಕಾಗುವುದಿಲ್ಲ.